ಹೆರಿಗೆ ವಾರ್ಡಿನ ಗೃಹಪ್ರವೇಶ

ಕೋದಂಡಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಬೇರೆ ಥರ ಅಂದುಕೊಂಡಿದ್ದಾರೆ. ಅವನು ಹೇಳುತ್ತಿದ್ದುದು ನಿಜವನ್ನೇ. ಆದರೆ ಸಿಗ್ನಲ್ ಬೀಳದೆ ನಿಂತ ಮಾರಿಕುಪ್ಪಂ ಗಾಡಿಯ ಹಾಗೆ ಅವನ ನಿಜ ಅರ್ಧ ದಾರಿಯಲ್ಲಿ ನಿಂತುಬಿಡುತ್ತಿತ್ತು. ಉಳಿದ ಅರ್ಧವನ್ನು ಕೇಳುವವರು ತಮಗೆ ತೋಚಿದಂತೆ ತುಂಬಿಕೊಂಡರೆ ಅದಕ್ಕೆ ಅವನು ಹೊಣೆಯೇ?

ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ ಅದು. ಬಂಗಾರಪೇಟೆಯಲ್ಲಿ ಸ್ಟೇಷನ್ನಿನ ಹಿಂದೆ ಹುಣಸೆತೋಪಿನ ಬೀದಿ ಅಂತ ಒಂದು ಬೀದಿಯಿತ್ತು. ಇತ್ತು ಅನ್ನುವುದೇ ಸರಿ. ಬೀದಿಯ ತುದಿಯಲ್ಲಿ ನಾಲ್ಕು ಕೋಣೆಯ ಬಡಪಾಯಿ ಆಸ್ಪತ್ರೆಯೊಂದು ತನ್ನ ಪಾಡಿಗೆ ತಾನಿತ್ತು. ಅದಕ್ಕೆ ಇದ್ದಕ್ಕಿದ್ದಂತೆ ಎಲ್ಲಿಲ್ಲದ ಹಸಿವು ಶುರುವಾಯಿತು. ಮೊದಲು ಪಕ್ಕದ ಬಳೆಗಾರರ ಮನೆ ತಿಂದು ಇಂಜೆಕ್ಷನ್ ಕೋಣೆ ಆಯಿತು. ಆಮೇಲೆ ಹಳೇ ಛತ್ರ ತಿಂದು ಗಂಡಸರ ವಾರ್ಡಾಯಿತು. ಕಡೆಗೆ ಒಂದೇ ತುತ್ತಿಗೆ ಮೂರನ್ನು ನುಂಗಿತು: ಕೋದಂಡಪ್ಪನ ನಾಡಹಂಚಿನ ಮನೆ, ಪಕ್ಕದ ಪಾಪಕ್ಕನ ಮನೆ, ಜಟಕಾ ಆಂಜಿನಪ್ಪನ ಕುದುರೆ ಲಾಯ. ಮೂರೂ ಇದ್ದ ಜಾಗದಲ್ಲಿ ಉದ್ದಾನುದ್ದಕ್ಕೆ ಒಂದು ಹೊಸ ಹೆರಿಗೆ ವಾರ್ಡು ಎದ್ದು ನಿಂತಿತು.

ಅದು ಏಳುವಷ್ಟು ದಿನವೂ ಕೋದಂಡಪ್ಪನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೆಳಿಗ್ಗೆ ಬಂದು ಗಾರೆಯವರಿಗೆ, “ಮೆಲ್ಲಗೆ ಅಗೀರಪ್ಪಾ, ಅದು ನಮ್ಮ ದೇವರ ಮನೆ” ಅನ್ನುವನು. ಮಧ್ಯಾಹ್ನ ಬಂದು, “ಅಲ್ಲಿ ನಮ್ಮವ್ವ ಮಲಗ್ತಿದ್ಲು, ಕಲ್ಲು ಎಸೀಬೇಡಿ” ಅನ್ನುವನು. ಓವರ್ಸಿಯರ್ ಶ್ರೀನಿವಾಸಪ್ಪನವರಿಗೆ ತಲೆ ಚಿಟ್ಟುಹಿಡಿದು, ಹೇಗೂ ಇಲ್ಲೇ ಸುತ್ತುವ ಪ್ರಾಣಿ ಎಂದು ಅವನನ್ನೇ ಕಟ್ಟಡದ ವಾಚ್‌ಮನ್ ಮಾಡಿಬಿಟ್ಟರು. ಖಾಕಿ ಅಂಗಿಯೊಂದು, ಕೂರಲು ಸ್ಟೂಲೊಂದು, ಸೊಂಟಕ್ಕೆ ಬೀಗದ ಕೈ ಗೊಂಚಲೊಂದು ಬಂತು. ಹಿಂದುಗಡೆ ಸಿಮೆಂಟು ಮೂಟೆ ಇಡುತ್ತಿದ್ದ ಶೆಡ್ಡಿನಲ್ಲಿ ಗಂಡ ಹೆಂಡತಿ ಸಂಸಾರ ಹೂಡಿದರು. ಕಟ್ಟಡ ಮುಗಿಯಿತು, ಸುಣ್ಣವೂ ಆಯಿತು, ಮಂಚಗಳೂ ಬಂದವು. ಆದರೆ ಮಂತ್ರಿಗಳು ಬಂದು ಟೇಪು ಕತ್ತರಿಸಬೇಕಿತ್ತು. ಅವರಿಗೆ ಪುರುಸೊತ್ತಾಗಲಿಲ್ಲ. ವಾರ್ಡು ಬೀಗ ಹಾಕಿಕೊಂಡು ಕಾಯುತ್ತಾ ಕೂತಿತು.

ಇಷ್ಟೂ ಕೋದಂಡಪ್ಪನ ಬೀಗರಿಗೆ ಗೊತ್ತಿರಲಿಲ್ಲ. ಮಗಳು ಆದಿಲಕ್ಷ್ಮಿಯನ್ನು ಕಾಮಸಮುದ್ರದ ಆಚೆಯ ಹಳ್ಳಿಗೆ ಕೊಟ್ಟಾಗ ಮದುವೆ ಮಾತುಕತೆ ನಿಂತದ್ದೇ “ಹುಡುಗಿ ತಂದೆಗೆ ಪೇಟೆಯಲ್ಲಿ ಸ್ವಂತ ಮನೆ ಇದೆ” ಎಂಬುದರ ಮೇಲೆ. ಅಳಿಯ ಗಣಿ ಕೆಲಸಕ್ಕೆ ಹೋದವನು ವಾರಕ್ಕೊಮ್ಮೆ ಮನೆ ಕಾಣುವವನು. ಮನೆಯ ಯಜಮಾನಿಕೆಯೆಲ್ಲ ಅವನ ತಾಯಿ ಅಮ್ಮಾಜಮ್ಮನದು. ಆಕೆ ಕೆಮ್ಮಿದರೆ ಹಟ್ಟಿಯ ಎಮ್ಮೆಗಳೂ ಮೆಲುಕು ನಿಲ್ಲಿಸುತ್ತಿದ್ದವು.

ಸೀಮಂತಕ್ಕೆ ಹೋದಾಗ ಆಕೆ ಜಗಲಿಯ ಮೇಲೆ ನಾಲ್ಕು ಜನರ ಎದುರಿಗೇ ಕೇಳಿದಳು.

“ಮನೆ ಎಂಗೈತೆ ಬೀಗ್ರೇ?”

“ಅಳೇದು ಕೆಡವಿದ್ದಾಯ್ತು ಅಮ್ಮಾಜಮ್ಮನೋರೇ.” ಯಾರು ಕೆಡವಿದರು ಎಂದು ಆಕೆ ಕೇಳಲಿಲ್ಲ, ಅವನು ಹೇಳಲಿಲ್ಲ.

“ಅಂಗಾದ್ರೆ ಒಸಾದು?”

“ಎದ್ದೈತೆ. ಆರ್.ಸಿ.ಸಿ. ಸೂರಿಗೆ ನಾಡಂಚೇ ಇಲ್ಲ, ಬರೀ ಸಿಮೆಂಟು.”

ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಮ್ಮಾಜಮ್ಮ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. “ಎಷ್ಟು ಅಂಕಣ?”

“ಅಂಕಣದ ಲೆಕ್ಕಕ್ಕೆ ಸಿಗಲ್ಲ ಬಿಡಿ ಅದು. ಈ ತುದೀಲಿ ಕೂಗಿದ್ರೆ ಆ ತುದೀಗೆ ಕೇಳ್ಸಲ್ಲ” ಎಂದ ಕೋದಂಡಪ್ಪ, ಸೊಂಟದ ಗೊಂಚಲು ಬಿಚ್ಚಿ ಜಗಲಿಯ ಮೇಲೆ ಝಣ್ ಎನ್ನಿಸಿದ. ಅಷ್ಟು ಬೀಗದ ಕೈಯನ್ನು ಆ ಹಳ್ಳಿ ಶಾನುಭೋಗರ ಸೊಂಟದಲ್ಲೂ ಕಂಡಿರಲಿಲ್ಲ.

“ಸಂತೋಷ ಆಯ್ತು. ಮೊದಲ ಎರಿಗೆ ತವರಲ್ಲೇ ಆಗ್ಬೇಕು, ಒಸಾ ಮನೇಲೇ ಆಗ್ಲಿ” ಎಂದಳು ಅಮ್ಮಾಜಮ್ಮ. ಆಮೇಲೆ ದನಿ ತಗ್ಗಿಸಿದಳು. “ಆದ್ರೆ ಒಂದ್ ಮಾತು. ಆಸ್ಪತ್ರೆ ಅನ್ನೋ ಎಸರು ನನ್ನ ಕಿವೀಗೆ ಬಿದ್ರೆ ಅವತ್ತೇ ಸೊಸೇನ ಬಸ್ಸು ಅತ್ತಿಸ್ಕೊಂಡು ಬಂದ್ಬಿಡ್ತೀನಿ. ನಮ್ ಯಜಮಾನ್ರು ಒಟ್ಟೆನೋವು ಅಂತ ಆಸ್ಪತ್ರೇಗೆ ನಡ್ಕೊಂಡು ಓದ್ರು. ನಾಲ್ಕು ಜನ ಒತ್ಕೊಂಡು ಬಂದ್ರು.” ಆಕೆಯ ಕಣ್ಣು ತುಂಬಿತು. ಕೋದಂಡಪ್ಪ ಮೆಲ್ಲಗೆ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಎಡವಟ್ಟಾದದ್ದು ಮಾರನೇ ವಾರ. ಕೋದಂಡಪ್ಪನ ಹೆಂಡತಿ ಮುನಿಗಂಗಮ್ಮ ಬಳೆ ತೊಡಿಸಿಕೊಂಡು ಬರುತ್ತೇನೆಂದು ಮಗಳನ್ನು ಪೇಟೆಗೆ ಕರೆತಂದವಳು, ಬಳೆಗೂ ಮುಂಚೆ ಆಸ್ಪತ್ರೆಯ ಡಾಕ್ಟ್ರಮ್ಮನ ಹತ್ತಿರ ತೋರಿಸಿದಳು. ಡಾಕ್ಟ್ರಮ್ಮ ಮದರಾಸಿನ ಕಡೆಯವರು, ಮಾತು ಕಮ್ಮಿ. ಹೊಟ್ಟೆ ಮುಟ್ಟಿ ನೋಡಿ, “ಮಗು ಅಡ್ಡ ಮಲಗಿದೆ. ಸೂಲಗಿತ್ತಿ ಕೈಯಲ್ಲಿ ಆಗೋದಲ್ಲ. ಇಲ್ಲೇ ಆಗಬೇಕು. ಇಲ್ಲಾಂದ್ರೆ ತಾಯೀನೂ ಇಲ್ಲ, ಮಗೂನೂ ಇಲ್ಲ” ಎಂದರು.

ಅವತ್ತು ಶೆಡ್ಡಿನಲ್ಲಿ ಮುನಿಗಂಗಮ್ಮ ಗಂಡನ ಮುಂದೆ ಕೂತು ಅತ್ತಳು. “ಓಗಿ ಅಮ್ಮಾಜಮ್ಮನೋರ ಕಾಲಿಡ್ಕೊಂಡು ನಿಜ ಏಳ್ಬಿಡಿ. ನಿಮ್ ಜಂಬ ಆಮೇಲೆ, ನನ್ ಮಗಳು ಮೊದಲು.”

“ಏಳ್ತೀನಿ ಕಣೇ” ಎಂದ ಕೋದಂಡಪ್ಪ. ಹೇಳಲಿಕ್ಕೆಂದೇ, ಮಗಳನ್ನು ವಾಪಸ್ಸು ಬಿಡುವ ನೆಪದಲ್ಲಿ ಬಸ್ಸು ಹತ್ತಿ ಹೋದ. ಅಲ್ಲಿ ಅಮ್ಮಾಜಮ್ಮ ಕೋಳಿ ಕೊಯ್ಯಿಸಿ ಮುದ್ದೆ ಇಟ್ಟಳು. ಊರವರೆಲ್ಲ ಬಂದು ಆರ್.ಸಿ.ಸಿ. ಮನೆಯ ಸುದ್ದಿ ಕೇಳಿದರು. ತಿಂದು, ಹೇಳಿ, ಬಾಯಿ ಒರೆಸಿಕೊಂಡು ಬಂದ. ಹೇಳಬೇಕಾದ್ದು ಹೊಟ್ಟೆಯಲ್ಲೇ ಉಳಿಯಿತು, ಕೋಳಿಯ ಜೊತೆಗೆ.

ಹೀಗೆ ಇವತ್ತು ನಾಳೆ ಅನ್ನುತ್ತಿರುವಾಗ ಒಂದು ಮಧ್ಯಾಹ್ನ ಆಂಜಿನಪ್ಪನ ಜಟಕಾ ವಾರ್ಡಿನ ಗೇಟಿಗೆ ಬಂದು ನಿಂತಿತು. ಕೋದಂಡಪ್ಪ ಸ್ಟೂಲಿನ ಮೇಲೆ ತೂಕಡಿಸುತ್ತಿದ್ದ. ಜಟಕಾದಿಂದ ಮೊದಲು ಒಂದು ರಾಗಿ ಮೂಟೆ ಇಳಿಯಿತು, ಆಮೇಲೆ ಬಾಣಂತಿ ಖಾರದ ಡಬ್ಬ, ಹರಳೆಣ್ಣೆ ತಂಬಿಗೆ, ಕಡೆಗೆ ಸಾಕ್ಷಾತ್ ಅಮ್ಮಾಜಮ್ಮ.

“ಇಗೋ ತಾಯಿ, ಕೋದಂಡಪ್ಪನ ಮನೆ” ಎಂದ ಆಂಜಿನಪ್ಪ. ಅವನದೂ ತಪ್ಪಲ್ಲ. ಯಾರು ಯಾರ ಮನೆ ಕೇಳಿದರೂ ಅದು ಮೊದಲು ಇದ್ದ ಕಡೆಗೇ ಹೊಡೆಯುವುದು ಅವನ ಅಭ್ಯಾಸ. ಬೀದಿ ಹೋಗಿದ್ದು ಅವನ ಕುದುರೆಗೂ ಇನ್ನೂ ಒಪ್ಪಿಗೆಯಾಗಿರಲಿಲ್ಲ.

ಅಮ್ಮಾಜಮ್ಮ ಕಟ್ಟಡವನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಸೆರಗನ್ನು ಬಾಯಿಗೆ ಇಟ್ಟುಕೊಂಡಳು. “ಅಬ್ಬಬ್ಬಾ! ಅಮ್ಮಮ್ಮಾ! ಬೀಗ್ರೇ, ನೀವು ಏಳಿದ್ದು ಏನೂ ಅಲ್ಲ ಇದರ ಮುಂದೆ. ದೊಡ್ಡ ಮನುಷ್ರು ಬಾಯಿಬಿಟ್ಟು ಏಳ್ಕೊಳಲ್ಲ ಅನ್ನೋದು ಇದಕ್ಕೇ.”

ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಕೋದಂಡಪ್ಪನಿಗೂ ಗೊತ್ತಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಜಟಕಾದ ಹಿಂದೆ ಕಂಬಿ ಹಿಡಿದು ಇಳಿಯುತ್ತಿದ್ದ ಮಗಳು ಕಂಡಳು. ಕಾಲು ಊದಿತ್ತು, ಮುಖ ಬಿಳುಚಿತ್ತು. ಈಗ ಆಸ್ಪತ್ರೆ ಅಂದರೆ ಸಂಜೆ ಬಸ್ಸಿಗೆ ಇವಳನ್ನು ವಾಪಸ್ಸು ಕೂರಿಸುತ್ತಾರೆ. ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕೋದಂಡಪ್ಪ ಬಾಯಿ ಮುಚ್ಚಿದ, ಬೀಗ ತೆಗೆದ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮಗಳು ಇಲ್ಲೇ ಇರುತ್ತಾಳೆ, ಕೂಗಳತೆಯಲ್ಲಿ ಡಾಕ್ಟ್ರಮ್ಮ ಇದ್ದಾರೆ. ಹೆಸರೊಂದು ಬಾಯಿಗೆ ಬಾರದಿದ್ದರೆ ಆಯಿತು.

ಒಳಗೆ ಸಾಲಾಗಿ ಕಬ್ಬಿಣದ ಮಂಚಗಳು ಮಲಗಿದ್ದವು.

“ಇಷ್ಟೊಂದು ಮಂಚ ಯಾಕೆ ಬೀಗ್ರೇ?”

“ನೆಂಟ್ರು ಬತ್ತಾರಲ್ಲ ಅಮ್ಮಾಜಮ್ಮನೋರೇ.”

“ಎಲ್ಲಾ ಒಂದೇ ಥರ?”

“ಒಬ್ರಿಗೆ ದೊಡ್ಡದು, ಒಬ್ರಿಗೆ ಚಿಕ್ಕದು ಅಂದ್ರೆ ನೆಂಟಸ್ತನ ಕೆಡ್ತದೆ.”

ಅಮ್ಮಾಜಮ್ಮ ತಲೆದೂಗಿದಳು. ಮಂಚದ ವಿಚಾರವಾಗಿಯೇ ಆಕೆಯ ಓರಗಿತ್ತಿ ಈಗಲೂ ಮಾತು ಬಿಟ್ಟಿದ್ದಳು. ಫಿನಾಯಿಲ್ ವಾಸನೆಗೆ ಮೂಗು ಅರಳಿಸಿದಾಗ ಕೋದಂಡಪ್ಪ ಹೊಸ ಮನೆ ಹಾಗೇ ನಾರುತ್ತದೆ ಎಂದ. ಗೋಡೆಯಲ್ಲಿ ಪರದೆ ಇಳಿಬಿಟ್ಟಿದ್ದ ಉದ್ಘಾಟನೆಯ ಕಲ್ಲನ್ನು ಕಂಡು ಏನೆಂದಾಗ, “ಅದನ್ನ ನಾವ್ ತೆಗೆಯಂಗಿಲ್ಲ, ದೊಡ್ಡೋರು ಬಂದೇ ತೆಗೀಬೇಕು” ಎಂದ. ದೇವರಿರಬೇಕೆಂದು ಅಮ್ಮಾಜಮ್ಮ ಕೈಮುಗಿದು, ಪರದೆಯೊಳಗೆ ಕೈ ಹಾಕಿ, ಮಂತ್ರಿಗಳ ಹೆಸರಿನ ಮೇಲೆ ಸರಿಯಾಗಿ ಕುಂಕುಮ ಬಳಿದಳು.

ಆಮೇಲೆ ಹೆರಿಗೆ ಕೋಣೆ. ಗೋಡೆಗೆ ಎದೆಮಟ್ಟ ಬಿಳಿ ಹೆಂಚು, ಮೂಲೆಯಲ್ಲಿ ನಲ್ಲಿ, ನಡುವೆ ಎತ್ತರದ ಕಬ್ಬಿಣದ ಮೇಜು.

“ಅಡಿಗೆಮನೆ!” ಎಂದು ಕೂಗಿದಳು ಅಮ್ಮಾಜಮ್ಮ. “ಏನು ಥಳಥಳ! ಈ ಮೇಜು ಯಾಕೆ ಇಷ್ಟೆತ್ತರ?”

ಕೋದಂಡಪ್ಪ ಗಂಟಲು ಸರಿಮಾಡಿಕೊಂಡ. ಇಲ್ಲಿಯ ತನಕ ಅವನು ಅರ್ಧ ನಿಜದ ಗಡಿ ದಾಟಿರಲಿಲ್ಲ. ಇಲ್ಲಿ ದಾಟಿದ. “ನಿಂತ್ಕೊಂಡೇ ಮುದ್ದೆ ಕಟ್ಬಹುದು ನೋಡಿ. ಸೊಂಟ ನೋಯಲ್ಲ.”

ಹಿಂದೆ ನಿಂತಿದ್ದ ಮುನಿಗಂಗಮ್ಮ ಗೋಡೆಗೆ ಹಣೆ ಚಚ್ಚಿಕೊಂಡಳು.

ಎಲ್ಲಾ ನೋಡಿ ಮುಗಿಸಿ ಅಮ್ಮಾಜಮ್ಮ ಒಂದು ಮಂಚದ ಮೇಲೆ ಕೂತಳು. ಕೂತವಳು ಇದ್ದಕ್ಕಿದ್ದಂತೆ ಮುಖ ಗಂಟಿಕ್ಕಿದಳು. “ಆಮೇಲೆ ಬೀಗ್ರೇ, ಆಲು ಯಾವತ್ತು ಉಕ್ಸಿದ್ರಿ? ನಮಗೆ ಒಂದ್ ಮಾತು ಏಳ್ಲಿಲ್ಲ?”

“ಇಲ್ಲ ಇಲ್ಲ, ಇನ್ನೂ ಆಗಿಲ್ಲ. ದೊಡ್ಡೋರು ದಿನ ಕೊಟ್ಟಿಲ್ಲ.”

“ಏನಂದ್ರಿ?” ಆಕೆ ಎದ್ದು ನಿಂತಳು. “ಗೃಹಪ್ರವೇಶ ಆಗ್ದಿರೋ ಮನೇಲಿ ತುಂಬು ಬಸುರೀನ ಮಲಗಿಸ್ತೀರಾ? ಬುದ್ಧಿ ಐತಾ ನಿಮಗೆ? ಯಾವ ದೊಡ್ಡೋರೂ ಬೇಡ, ನಾನಿಲ್ವಾ? ನಾಳೆ ಬೆಳಿಗ್ಗೆ ಆಲುಕ್ಕಬೇಕು, ಅಸಾ ಒಳಗೆ ಬರ್ಬೇಕು, ನಾಲ್ಕು ಜನ ಉಣ್ಬೇಕು. ಇಲ್ಲಾ ಅಂದ್ರೆ ಈಗ್ಲೇ ಏಳಿ, ಸಂಜೆ ಬಸ್ಸಿಗೆ ನಾವು ಒಂಟ್ವಿ.”

ಕೋದಂಡಪ್ಪ ಅವತ್ತು ಓಡಿದ ಓಟವನ್ನು ಹೇಳುವುದೇ ಬೇಡ. ಡಾಕ್ಟ್ರಮ್ಮನ ಹತ್ತಿರ ಓಡಿ, “ಮಗಳು ಬಂದವ್ಳೆ” ಎಂದ. ಅವರು ಎರಡೇ ಮಂಚದ ಹಳೇ ವಾರ್ಡಿನಲ್ಲಿ ಮಂಚಕ್ಕೆ ಇಬ್ಬಿಬ್ಬರು ಮಲಗಿದ್ದ ಬಾಣಂತಿಯರ ನಡುವೆ ಸುಸ್ತಾಗಿ ನಿಂತಿದ್ದರು. “ಒಳ್ಳೇದು. ನೋವು ಬಂದ ಕೂಡಲೇ ಕೂಗು” ಎಂದರೇ ಹೊರತು ಎಲ್ಲಿ ಮಲಗಿಸಿದ್ದೀಯ ಎಂದು ಕೇಳಲಿಲ್ಲ. ಅಲ್ಲಿಂದ ಪಾಪಕ್ಕನ ಗುಡಿಸಲಿಗೆ ಓಡಿದ. ಪಾಪಕ್ಕ ಎಲ್ಲಾ ಕೇಳಿ, “ಥೂ, ನಿನ್ ಬಾಯಿಗೆ ನನ್ ಪೊರಕೆ!” ಎಂದು ಬೈದು, ಆಮೇಲೆ ತಾನೇ ಬೀದಿಯ ಹಳೇ ಹೆಂಗಸರಿಗೆಲ್ಲ ಹೇಳಿಬಂದಳು. ಆದಿಲಕ್ಷ್ಮಿಯನ್ನು ಎತ್ತಿ ಆಡಿಸಿದ್ದ ಕೈಗಳು ಅವು, ಬಾರದೆ ಇರುತ್ತಾರೆಯೇ? ಹಸುವಿನ ಭಾರ ಆಂಜಿನಪ್ಪ ವಹಿಸಿಕೊಂಡ.

ಬೆಳಿಗ್ಗೆ ವಾರ್ಡಿನ ಬಾಗಿಲಿಗೆ ಮಾವಿನೆಲೆ ತೋರಣ ಬಿತ್ತು. ಹುಣಸೆತೋಪಿನ ಬೀದಿ ಮೂಲೆಮೂಲೆಯಿಂದ ಎದ್ದು ಬಂತು. ಒಳಗೆ ಬಂದವರು ಕೋದಂಡಪ್ಪನ ಗುಟ್ಟು ಕಾಪಾಡುವುದನ್ನು ಬಿಟ್ಟು ತಮ್ಮ ತಮ್ಮ ಮನೆ ಹುಡುಕತೊಡಗಿದರು. ಪಾಪಕ್ಕ ಅಡಿಯಿಟ್ಟು ಅಳೆದುಕೊಂಡು ಹೋಗಿ ಒಂದು ಮಂಚದ ಪಕ್ಕ ನೆಲದ ಮೇಲೆ ಕೂತೇಬಿಟ್ಟಳು. “ಇಲ್ಲೇ ಕಣವ್ವಾ ನನ್ನ ಒಲೆ ಇದ್ದಿದ್ದು!” ಎಂದು ಕಣ್ಣೊರೆಸಿಕೊಂಡಳು.

ಅಮ್ಮಾಜಮ್ಮನಿಗೆ ಅರ್ಥವಾಗಲಿಲ್ಲ. “ನಿನ್ನ ಒಲೆ ನಮ್ ಬೀಗ್ರ ಮನೇಲಿ ಯಾಕಿತ್ತು?”

“ಆಗ ಎಲ್ಲಾ ಒಟ್ಟಿಗೇ ಇದ್ವಿ ಅಮ್ಮಾಜಮ್ಮನೋರೇ” ಎಂದು ಕೋದಂಡಪ್ಪ ನಡುವೆ ಬಂದ. ಇದಂತೂ ಸಂಪೂರ್ಣ ನಿಜ. ಆಂಜಿನಪ್ಪನ ಕುದುರೆ ಮಾತ್ರ ಯಾರ ಅಪ್ಪಣೆಗೂ ಕಾಯದೆ, ಲಾಯ ಇದ್ದ ಜಾಗದಲ್ಲಿ ಈಗಿದ್ದ ನರ್ಸಮ್ಮನ ಕೋಣೆಯ ಕಿಟಕಿಗೆ ಮೂತಿ ತೂರಿಸಿ ಹುಲ್ಲಿಗಾಗಿ ಕಾಯುತ್ತಾ ನಿಂತಿತು.

ಹಸುವನ್ನು ಒಳಗೆ ನುಗ್ಗಿಸುವುದು ಅಷ್ಟು ಸುಲಭವಾಗಲಿಲ್ಲ. ನಯವಾದ ಸಿಮೆಂಟು ನೆಲ ಕಂಡು ಅದು ನಾಲ್ಕು ಕಾಲೂ ಊರಿ ನಿಂತುಬಿಟ್ಟಿತು. ಆಂಜಿನಪ್ಪ ಮುಂದಿನಿಂದ ಎಳೆದ, ಕೋದಂಡಪ್ಪ ಹಿಂದಿನಿಂದ ದೂಡಿದ. ಕಡೆಗೆ ಒಮ್ಮೆಲೇ ಒಳಗೆ ನುಗ್ಗಿ, ಜಾರಿ, ಎರಡು ಮಂಚ ಉರುಳಿಸಿ, ಹಾಲ್‌ನ ನಟ್ಟನಡುವೆ ಗಂಜಲ ಹೊಯ್ಯಿತು. “ಆಹಾ, ಶುಭ ಶುಭ!” ಎಂದು ಹೆಂಗಸರೆಲ್ಲ ಕಣ್ಣಿಗೊತ್ತಿಕೊಂಡರು. ಹೆರಿಗೆ ಕೋಣೆಯಲ್ಲಿ ಅಮ್ಮಾಜಮ್ಮ ಮೂರು ಇಟ್ಟಿಗೆ ಹೂಡಿ, ಸೌದೆ ಹೊತ್ತಿಸಿ, ಹೊಸ ಮಡಕೆಯಲ್ಲಿ ಹಾಲಿಟ್ಟಿದ್ದಳು. ಅದು ಉಕ್ಕಿ ಬೆಂಕಿಗೆ ಸುರಿಯುವುದಕ್ಕೂ, ಗೇಟಿನಲ್ಲಿ ಸೈಕಲ್ ಬೆಲ್ ಆಗುವುದಕ್ಕೂ ಸರಿಹೋಯಿತು.

ಓವರ್ಸಿಯರ್ ಶ್ರೀನಿವಾಸಪ್ಪನವರು! ಮಂತ್ರಿಗಳು ಕೊನೆಗೂ ದಿನ ಕೊಟ್ಟ ಸಂತೋಷದಲ್ಲಿ ಬರುತ್ತಿದ್ದರು. ಹೆರಿಗೆ ಕೋಣೆಯ ಕಿಟಕಿಯಲ್ಲಿ ಹೊಗೆ ಕಂಡಿತು. ಬಾಗಿಲಿನಿಂದ ಹಸು ಹೊರಗೆ ಬಂತು. ಅವರು ಸೈಕಲ್ಲನ್ನು ನಿಂತಲ್ಲೇ ಕೈಬಿಟ್ಟರು. ಅದು ಹೋಗಿ ರಂಗೋಲಿಯ ಮೇಲೆ ಬಿತ್ತು.

“ಯಾರಯ್ಯಾ ಒಳಗೆ? ಅಯ್ಯೋ, ನಾನು ಕಟ್ಟಿಸಿದ ಬಿಲ್ಡಿಂಗು! ನಾನು ಕಟ್ಟಿಸಿದ ಬಿಲ್ಡಿಂಗು!” ಎಂದು ಓಡಿ ಬಂದರು.

ಅಮ್ಮಾಜಮ್ಮನ ಮುಖ ಅರಳಿತು. “ಮೇಸ್ತ್ರಿ ಬಂದ್ರು! ಬೀಗ್ರೇ, ಮೇಸ್ತ್ರಿಗೆ ಪಂಚೆ ಎಲ್ಲಿ?”

ಮನೆ ಕಟ್ಟಿದವನಿಗೆ ಗೃಹಪ್ರವೇಶದ ದಿನ ಬಟ್ಟೆ ಕೊಟ್ಟು ಮರ್ಯಾದೆ ಮಾಡದಿದ್ದರೆ ಆ ಮನೆ ಏಳಿಗೆಯಾಗುವುದಿಲ್ಲ. ಪಾಪಕ್ಕ ಓವರ್ಸಿಯರನ್ನು ಹಿಡಿದು ಕೂರಿಸಿದಳು, ಇನ್ನೊಬ್ಬಳು ಆರತಿ ಎತ್ತಿದಳು. ಅವರು “ನಾನು... ನೀವು... ಇದು...” ಅನ್ನುವಷ್ಟರಲ್ಲಿ ಹಣೆಗೆ ಅರಿಶಿನ, ಕೈಗೆ ಎಲೆಯಡಿಕೆ, ಹೆಗಲಿಗೆ ಕೋದಂಡಪ್ಪನದೇ ಒಗೆದ ಪಂಚೆ ಬಂದಾಗಿತ್ತು. ಅಮ್ಮಾಜಮ್ಮ ತನ್ನ ಕೈಯಾರೆ ಅವರ ಟೋಪಿ ತೆಗೆದು ಪೇಟ ಸುತ್ತಿದಳು. “ಕೆಲಸ ಚೆನ್ನಾಗಿ ಮಾಡಿದೀಯ ಮೇಸ್ತ್ರಿ. ಅಡಿಗೆಮನೇಗೆ ಒಂದ್ ಒಗೆಗೂಡು ಬಿಟ್ಟಿದ್ರೆ ಇನ್ನೂ ಚೆನ್ನಾಗಿತ್ತು.”

“ಅಡಿಗೆಮನೆ?” ಓವರ್ಸಿಯರು ಪೇಟವನ್ನು ಕಿತ್ತು ಎದ್ದರು. ದನಿ ಕೀರಲಾಗಿತ್ತು. “ಅಮ್ಮಾ ತಾಯಿ! ಇದು ಸರ್ಕಾರಿ ಆಸ್ಪತ್ರೆ! ಹೆರಿಗೆ ವಾರ್ಡು! ಇವನು ನಮ್ಮ ವಾಚ್‌ಮನ್ನು! ಸೋಮವಾರ ಮಂತ್ರಿಗಳು ಬರ್ತಾರೆ!”

ಒಳಗೆ ಹಾಲು ಸೀದ ವಾಸನೆ ಬರುತ್ತಿತ್ತು. ಅಮ್ಮಾಜಮ್ಮ ನಿಧಾನವಾಗಿ ತಿರುಗಿ ಕೋದಂಡಪ್ಪನನ್ನು ನೋಡಿದಳು. ಆಮೇಲೆ ಸಾಲು ಮಂಚ ನೋಡಿದಳು, ಬಿಳಿ ಹೆಂಚು ನೋಡಿದಳು, ಎತ್ತರದ ಮೇಜು ನೋಡಿದಳು.

“ಆಸ್ಪತ್ರೆ” ಎಂದಳು. ಅಷ್ಟೇ. ಹೋಗಿ ಸೊಸೆಯ ತೋಳು ಹಿಡಿದಳು. “ಏಳು ಲಕ್ಷ್ಮೀ. ಬಸ್ಸಿಗೆ ಓಗಾಣ.”

ಆದಿಲಕ್ಷ್ಮಿ ಎದ್ದಳು. ಎದ್ದವಳು ಮಂಚದ ಕಂಬಿ ಹಿಡಿದು, “ಅವ್ವಾ!” ಎಂದು ಬಾಗಿದಳು. ನೋವು ಶುರುವಾಗಿತ್ತು. ಮುನಿಗಂಗಮ್ಮ ಡಾಕ್ಟ್ರಮ್ಮನನ್ನು ಕೂಗುತ್ತಾ ಹೊರಗೆ ಓಡಿದಳು.

ಕೋದಂಡಪ್ಪ ಅಮ್ಮಾಜಮ್ಮನ ಕಾಲ ಮೇಲೆ ದಬಕ್ಕನೆ ಬಿದ್ದ. ಇಷ್ಟು ದಿನ ಅರ್ಧದಲ್ಲಿ ನಿಲ್ಲುತ್ತಿದ್ದುದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. “ಮನೆ ಓಯ್ತು ಅಮ್ಮಾಜಮ್ಮನೋರೇ, ನನ್ ಮನೆ ಎರಡು ವರ್ಷದ ಇಂದೇನೇ ಓಯ್ತು! ಇಂದ್ಗಡೆ ಸಿಮೆಂಟು ಶೆಡ್ಡಲ್ಲಿ ಇದೀನಿ. ಮಾನ ಓಯ್ತದೆ ಅಂತ ಏಳ್ಲಿಲ್ಲ. ಮಗು ಅಡ್ಡ ಮಲಗೈತಂತೆ, ಇಲ್ಲಿ ಬಿಟ್ರೆ ಬೇರೆ ದಾರಿ ಇಲ್ವಂತೆ. ನಂಗೆ ಉಗೀರಿ, ಒಡೀರಿ. ನನ್ ಮೇಲಿನ ಸಿಟ್ಟಿಗೆ ಅವಳನ್ನ ಬಸ್ಸಿಗೆ ಆಕ್ಬೇಡಿ.”

ಅಮ್ಮಾಜಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಆಕೆಗೆ ಕಾಣುತ್ತಿದ್ದುದು ಕೋದಂಡಪ್ಪನಲ್ಲ, ನಾಲ್ಕು ಜನ ಹೊತ್ತು ತಂದ ಗಂಡ. “ಆಗಲ್ಲ. ಸತ್ರೂ ಆಗಲ್ಲ. ನಡೀ ಲಕ್ಷ್ಮೀ.”

“ನಂಗೆ ಸಾಯೋಕೆ ಇಷ್ಟ ಇಲ್ಲ ಅತ್ತೇ” ಎಂದಳು ಆದಿಲಕ್ಷ್ಮಿ ಮಂಚ ಬಿಡದೆ.

ಅಷ್ಟರಲ್ಲಿ ಡಾಕ್ಟ್ರಮ್ಮ ಓಡಿಬಂದರು. ಹುಡುಗಿಯನ್ನು ನೋಡಿದರು, ಹೊಗೆ ನೋಡಿದರು, ಗಂಜಲ ನೋಡಿದರು. ಏನೂ ಕೇಳಲಿಲ್ಲ. “ಹಳೇ ವಾರ್ಡಲ್ಲಿ ಜಾಗ ಇಲ್ಲ. ಇಲ್ಲೇ. ಶೀಘ್ರಂ!”

ಆಗ ಓವರ್ಸಿಯರು ಬಾಗಿಲಿಗೆ ಅಡ್ಡ ನಿಂತರು. ಹೆಗಲ ಮೇಲೆ ಪಂಚೆ ಹಾಗೇ ಇತ್ತು. “ಸಾಧ್ಯವಿಲ್ಲ ಡಾಕ್ಟ್ರೇ! ಮಂತ್ರಿಗಳು ಟೇಪು ಕತ್ತರಿಸೋ ಮುಂಚೆ ಇಲ್ಲಿ ಯಾರೂ ಹುಟ್ಟಂಗಿಲ್ಲ! ರೂಲ್ಸಿದೆ! ಏಯ್, ಬೀಗದ ಕೈ ಕೊಡಯ್ಯಾ ಇಲ್ಲಿ. ನೀನಮ್ಮಾ, ನಿನ್ನ ಸೊಸೇನ ಕರ್ಕೊಂಡು ಈಗಿಂದೀಗ್ಲೇ ಆಚೆಗೆ ನಡಿ!”

ಕೋದಂಡಪ್ಪ ಗೊಂಚಲು ಚಾಚಿದ. ಅದು ಓವರ್ಸಿಯರ ಕೈ ಸೇರಲಿಲ್ಲ. ನಡುವಿನಲ್ಲಿ ಅಮ್ಮಾಜಮ್ಮ ಕಿತ್ತುಕೊಂಡಳು.

“ಏನಂದೆ?” ಎಂದಳು.

“ಆಚೆಗೆ ನಡಿ ಅಂದೆ.”

ಒಂದು ಗಳಿಗೆಯ ಹಿಂದೆ ಆಕೆ ತಾನೇ ಸೊಸೆಯನ್ನು ಆಚೆಗೆ ಎಳೆಯುತ್ತಿದ್ದಳು. ನಿಜ. ಆದರೆ ತಾನು ಎದ್ದು ಹೋಗುವುದು ಬೇರೆ, ಇನ್ನೊಬ್ಬ ಬಂದು ಏಳು ಅನ್ನುವುದು ಬೇರೆ. ಕಾಮಸಮುದ್ರದ ಸುತ್ತ ಏಳು ಹಳ್ಳಿಯಲ್ಲಿ ಅಮ್ಮಾಜಮ್ಮನಿಗೆ ಆಚೆಗೆ ನಡಿ ಅಂದವರು ಅಲ್ಲಿಯವರೆಗೆ ಹುಟ್ಟಿರಲಿಲ್ಲ.

“ಯಾರ್ನಲಾ ಆಚೆಗೆ ಓಗು ಅಂತೀಯ?” ಎಂದು ಆಕೆ ಗುಡುಗಿದಳು. ಕಿಟಕಿಯಲ್ಲಿದ್ದ ಕುದುರೆ ಮೂತಿ ಹಿಂದಕ್ಕೆ ತೆಗೆಯಿತು. “ನನ್ ಬೀಗ್ರು ಉಟ್ಟಿದ್ದು ಈ ಜಾಗದಲ್ಲಿ. ನನ್ ಸೊಸೆ ಉಟ್ಟಿದ್ದು ಈ ಜಾಗದಲ್ಲಿ. ಇದು ಅವಳ ತವರು. ನಾನು ಕೈಯಾರೆ ಆಲುಕ್ಕಿಸಿದೀನಿ. ಆಲುಕ್ಕಿದ ಮೇಲೆ ಅದು ಮನೆ ಕಣ್ಲಾ, ಆಸ್ಪತ್ರೆ ಅಲ್ಲ. ನೀನೇ ಮೇಸ್ತ್ರಿ ಮರ್ಯಾದೆ ಈಸ್ಕೊಂಡಿದೀಯ, ಪಂಚೆ ಎಗಲ ಮೇಲೈತೆ! ಉಟ್ಟೋ ಮಗೂಗೆ ನಿನ್ ಮಂತ್ರಿ ಯಾವ ಊರ ದಾಸಯ್ಯ? ದಾರಿ ಬಿಡು!”

ಬೀಗದ ಕೈ ಗೊಂಚಲು ಆಕೆಯ ಸೊಂಟ ಸೇರಿತು. ಅಲ್ಲಿಂದ ಅದನ್ನು ತೆಗೆಯುವ ಧೈರ್ಯ ಮೈಸೂರು ಸರ್ಕಾರಕ್ಕೂ ಇರಲಿಲ್ಲ. ಓವರ್ಸಿಯರು ದಾರಿ ಬಿಟ್ಟರು.

ಆಮೇಲೆ ಹೆಂಗಸರದೇ ರಾಜ್ಯ. ಪಾಪಕ್ಕ ಮತ್ತು ಬೀದಿಯ ಹೆಂಗಸರು ಸೆರಗು ಸಿಕ್ಕಿಸಿ ಒಲೆಯನ್ನು ವರಾಂಡಕ್ಕೆ ಎತ್ತಿದರು, ನೆಲ ಗೋಡೆ ಮೇಜು ಎಲ್ಲ ಫಿನಾಯಿಲ್ ಹಾಕಿ ತಿಕ್ಕಿದರು. “ಬಿಸಿನೀರು?” ಎಂದು ಡಾಕ್ಟ್ರಮ್ಮ ಕೇಳಿದರೆ ಅಮ್ಮಾಜಮ್ಮನ ಒಲೆಯ ಮೇಲೆ ಆಗಲೇ ಕುದಿಯುತ್ತಿತ್ತು. ಡಾಕ್ಟ್ರಮ್ಮ ಗಂಡಸರನ್ನೆಲ್ಲ ಹೊರಗೆ ಅಟ್ಟಿ ಬಾಗಿಲು ಹಾಕಿಕೊಂಡರು. ಅಮ್ಮಾಜಮ್ಮ ಮಾತ್ರ ಒಳಗೇ ನಿಂತಳು. ಹೊರಗೆ ಹೋಗಿ ಎಂದು ಅವರು ಹೇಳಬಹುದಾಗಿತ್ತು. ಓವರ್ಸಿಯರಿಗಾದ ಗತಿ ಕಂಡಿದ್ದ ಅವರು ಹೇಳಲಿಲ್ಲ.

ವರಾಂಡದಲ್ಲಿ ಕೋದಂಡಪ್ಪ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆದ. ಅವನ ಹಿಂದೆಯೇ ಓವರ್ಸಿಯರೂ ನಡೆಯತೊಡಗಿದರು. ಮೊದಮೊದಲು ಬೈಯುತ್ತಾ ನಡೆದರು. ಒಳಗಿನಿಂದ ಹುಡುಗಿಯ ಕೂಗು ಜೋರಾದಾಗ ಬೈಗುಳ ನಿಂತಿತು. ಎದುರು ಬದರು ಸಿಕ್ಕಾಗೆಲ್ಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಮತ್ತೆ ನಡೆದರು. ಹಾಗೆ ನಡೆಯುತ್ತಿರುವಾಗ ಕೂಗು ನಿಂತುಹೋಯಿತು. ಕೋದಂಡಪ್ಪ ಕಂಬ ಹಿಡಿದುಕೊಂಡ.

ಆಮೇಲೆ, ತೆಳ್ಳಗೆ, ಬೆಕ್ಕಿನ ಮರಿಯಂಥ ಒಂದು ಅಳು.

“ಆಯ್ತು ಕಣಯ್ಯಾ!” ಎಂದು ಓವರ್ಸಿಯರು ಕೋದಂಡಪ್ಪನನ್ನು ತಬ್ಬಿಕೊಂಡುಬಿಟ್ಟರು.

ಬಾಗಿಲು ತೆರೆದು ಅಮ್ಮಾಜಮ್ಮ ಬಂದಳು. ಕೈಯಲ್ಲಿ ಬಟ್ಟೆ ಸುತ್ತಿದ ಕೂಸು, ಕಣ್ಣಲ್ಲಿ ಧಾರಾಕಾರ ನೀರು. “ಎಣ್ಣು ಮಗು. ತಾಯೀನೂ ಚೆನ್ನಾಗವ್ಳೆ. ಆ ಡಾಕ್ಟ್ರಮ್ಮ ಮಗೂನ ಕೈಯಲ್ಲೇ ತಿರುಗಿಸ್ಬಿಟ್ಲು ಬೀಗ್ರೇ. ನಾನು ಕಣ್ಣಾರೆ ನೋಡ್ದೆ.” ಕೂಸನ್ನು ಅವನ ಕೈಗಿಡುತ್ತಾ ದನಿ ಗಟ್ಟಿ ಮಾಡಿಕೊಂಡಳು. “ಸುಳ್ಳಿಗೆ ನಿಮ್ಮನ್ನ ಆಮೇಲೆ ವಿಚಾರಿಸ್ಕೋತೀನಿ. ಮರ್ತಿಲ್ಲ ನಾನು.”

ಸೋಮವಾರ ಮಂತ್ರಿಗಳು ಬಂದರು, ಟೇಪು ಕತ್ತರಿಸಿದರು, ಪರದೆ ಸರಿಸಿದರು. ತಮ್ಮ ಹೆಸರಿನ ಮೇಲೆ ಕುಂಕುಮ ಕಂಡು ಈ ಊರಿನ ಜನರ ಅಭಿಮಾನಕ್ಕೆ ಗದ್ಗದಿತರಾದರು. ಒಳಗೆ ಆಗಲೇ ಒಬ್ಬ ಬಾಣಂತಿ ಹರಳೆಣ್ಣೆ ಹಚ್ಚಿಕೊಂಡು ಕೂತಿದ್ದುದನ್ನು ಓವರ್ಸಿಯರು “ಮೊದಲೇ ಮಾಡಿದ ಏರ್ಪಾಡು ಸಾರ್” ಎಂದು ವಿವರಿಸಿದರು. ಅವರ ನಿಜವೂ ಅರ್ಧದಲ್ಲೇ ನಿಂತಿತು.

ಮಂತ್ರಿಗಳು ಹೋದ ಮೇಲೆ ಅಷ್ಟುದ್ದದ ವಾರ್ಡು ಹೆಚ್ಚುಕಡಿಮೆ ಖಾಲಿ ಬಿತ್ತು. ಹಳೇ ವಾರ್ಡಿನಲ್ಲಿದ್ದ ಪೇಟೆಯವರು ನಾಲ್ಕೈದು ಜನ ಬಂದರು. ಹಳ್ಳಿಯವರಾರೂ ಆ ಕಡೆ ತಲೆ ಹಾಕಲಿಲ್ಲ. ಆಸ್ಪತ್ರೆಯ ಹೆಸರೆತ್ತಿದರೆ ಬೇತಮಂಗಲದವರೂ ಹೆದರುತ್ತಿದ್ದರು, ಕಾಮಸಮುದ್ರದವರೂ ಹೆದರುತ್ತಿದ್ದರು. ಡಾಕ್ಟ್ರಮ್ಮ ಸಾಲು ಮಂಚ ನೋಡಿ ನಿಟ್ಟುಸಿರು ಬಿಡುವರು. ಅಮ್ಮಾಜಮ್ಮ ಬಾಣಂತಿಯನ್ನೂ ಮಗುವನ್ನೂ ತವರಿನಲ್ಲೇ ಬಿಟ್ಟು ತಾನೊಬ್ಬಳೇ ಊರಿಗೆ ಹೋದಳು. ಹೋಗಿ ಜಗಲಿಯ ಮೇಲೆ ಕೂತು ಅದೇನು ಹೇಳಿದಳೋ ಕೋದಂಡಪ್ಪನಿಗೆ ತಿಳಿಯಲಿಲ್ಲ.

ತಿಳಿದದ್ದು ಒಂದು ಸಂಜೆ. ಕೊನೆಯ ಬಸ್ಸಿನವರನ್ನು ಹೇರಿಕೊಂಡು ಆಂಜಿನಪ್ಪನ ಜಟಕಾ ಗೇಟಿಗೆ ಬಂತು. ಒಬ್ಬ ಮುದುಕಿ ಇಳಿದಳು, ಹಿಂದೆಯೇ ಹೊಟ್ಟೆ ಹೊತ್ತ ಸೊಸೆ. ಅವರ ಹಿಂದೆ ಇನ್ನೊಂದು ಮುದುಕಿ, ಇನ್ನೊಂದು ಬಸುರಿ. ಎಲ್ಲರ ಕಂಕುಳಲ್ಲೂ ಗಂಟು, ಎಲ್ಲರ ಮುಖದಲ್ಲೂ ಅಂಜಿಕೆ. ಮೊದಲ ಮುದುಕಿ ಕಟ್ಟಡವನ್ನು ಅನುಮಾನದಿಂದ ನೋಡಿದಳು, ಖಾಕಿ ಅಂಗಿಯನ್ನು ಇನ್ನೂ ಅನುಮಾನದಿಂದ ನೋಡಿದಳು.

“ಏನಪ್ಪಾ, ಅಮ್ಮಾಜಮ್ಮನ ಬೀಗ್ರು ಕೋದಂಡಪ್ಪನೋರ ಮನೆ ಇದೇನಾ? ಅಲ್ಲಿ ಎರಿಗೆ ಸಲೀಸಾಗಿ ಆಯ್ತದಂತಲ್ಲ?” ಮುದುಕಿ ದನಿ ತಗ್ಗಿಸಿದಳು. “ಆಸ್ಪತ್ರೆ ಅಲ್ಲ ತಾನೇ?”

ಕೋದಂಡಪ್ಪ ಸ್ಟೂಲಿನಿಂದ ಎದ್ದ. ಕೋದಂಡಪ್ಪನ ಮನೆ ಇದೇನಾ ಎಂದು ಎರಡು ವರ್ಷದಿಂದ ಅವನನ್ನು ಯಾರೂ ಕೇಳಿರಲಿಲ್ಲ. ಖಾಕಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಗೇಟನ್ನು ಎರಡೂ ಕಡೆಗೆ ಪೂರ್ತಿ ತೆರೆದ.

“ಇದೇ ತಾಯಿ ಮನೆ. ನಾನೇ ಕೋದಂಡಪ್ಪ. ಬಲಗಾಲಿಟ್ಟು ಒಳಗೆ ಬನ್ನಿ.”